ಆಲ್ಟರ್ಡ್ ಡಾಮಿನೆಂಟ್ ಕಾರ್ಡ್: ಗಿಟಾರಿನಲ್ಲಿ ನುಡಿಸುವ ಮತ್ತು ಅರಿಯುವ ಕ್ರಮ

ಬೆಂಗಳೂರಿನಲ್ಲಿ ಗಿಟಾರ್ ಕಲಿಯುವವರಲ್ಲಿ ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಗುರುಗಳ ಮುಂದೆ ಕುಳಿತು ಸರಳೆ ವರಸೆ, ಅಲಂಕಾರಗಳನ್ನು ಹಾಡಿ, ಕಾಲೇಜಿಗೆ ಬಂದ ಮೇಲೆ ಗಿಟಾರ್ ಹಿಡಿದವರು ಬಹಳ ಮಂದಿ ಇದ್ದಾರೆ. ಚರ್ಚಿನ ಗಾಯನವೃಂದದಲ್ಲಿ ಅಥವಾ ಆರ್ಕೆಸ್ಟ್ರಾಗಳಲ್ಲಿ ಕಾರ್ಡ್ ಹಿಡಿಯುತ್ತಲೇ ಬೆಳೆದವರೂ ಇದ್ದಾರೆ. ಇವರಲ್ಲಿ ಯಾರೇ ಆಗಲಿ, ಗೆಳೆಯರೊಡನೆ ಜಾಝ್ ನುಡಿಸಲು ಕುಳಿತು ಎದುರಿಗಿರುವ ಹಾಳೆಯಲ್ಲಿ ‘ಜಿ7 ಆಲ್ಟ್’ ಎಂಬ ಬರಹವನ್ನು ಮೊದಲ ಬಾರಿ ಕಂಡಾಗ ಕೈ ತಡೆಯುವುದು ಸಹಜ. ಹುಡುಕಿದರೆ ಅದಕ್ಕೆ ಹತ್ತಾರು ಕಾರ್ಡ್ ಚಿತ್ರಗಳು ಸಿಗುತ್ತವೆ. ಆದರೆ ಆ ಚಿತ್ರಗಳನ್ನು ಬಾಯಿಪಾಠ ಮಾಡಿ ನುಡಿಸಿದಾಗ ಕಾರ್ಡ್ ಕರ್ಕಶವಾಗಿ ಕೇಳುತ್ತದೆ, ಕಲಿಯುವವರು ತಮ್ಮ ಕಿವಿಯನ್ನೇ ಅನುಮಾನಿಸಿ ಹಳೆಯ ಜಿ7ಕ್ಕೆ ಹಿಂದಿರುಗುತ್ತಾರೆ. ಕಿವಿಯಲ್ಲಿ ದೋಷವಿಲ್ಲ. ಈ ಕಾರ್ಡಿನಲ್ಲಿ ಬದಲಾದ ಪ್ರತಿಯೊಂದು ಸ್ವರವೂ ಮುಂದಿನ ಕಾರ್ಡಿನ ಯಾವುದೋ ಒಂದು ಸ್ವರಕ್ಕೆ ಜಾರಿಕೊಳ್ಳಲು ಕಾಯುತ್ತಿರುತ್ತದೆ. ಆ ಜಾರುವಿಕೆಯನ್ನು ಕೇಳಿಸಿಕೊಳ್ಳದೆ ಕಾರ್ಡನ್ನು ಮಾತ್ರ ಬಿಡಿಯಾಗಿ ಕಲಿತರೆ ಅದು ಅರ್ಥ ಕೊಡುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಯಾವ ಆಲ್ಟರ್ಡ್ ಕಾರ್ಡನ್ನೂ ಒಂಟಿಯಾಗಿ ಕೊಟ್ಟಿಲ್ಲ; ಪ್ರತಿಯೊಂದರ ಜೊತೆಗೂ ಅದು ಸೇರುವ ಮನೆಯನ್ನು, ಅಂದರೆ ಅದು ಹೋಗಿ ನೆಲೆಸುವ ಕಾರ್ಡನ್ನು, ತೋರಿಸಲಾಗಿದೆ.

ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲಿ ಸಿಗುವ ಸಾಧಾರಣ ಅಕೂಸ್ಟಿಕ್ ಗಿಟಾರ್ ಇದಕ್ಕೆ ಸಾಕು. ಎಲೆಕ್ಟ್ರಿಕ್ ಗಿಟಾರ್ ಆದರೆ ಡಿಸ್ಟಾರ್ಷನ್ ಇಲ್ಲದ ಸ್ವಚ್ಛ ನಾದದಲ್ಲಿ ಅಭ್ಯಾಸ ಮಾಡಬೇಕು, ಏಕೆಂದರೆ ಹತ್ತಿರ ಹತ್ತಿರದ ಸ್ವರಗಳು ಡಿಸ್ಟಾರ್ಷನ್‌ನಲ್ಲಿ ಕಲಸಿಹೋಗುತ್ತವೆ. ಕೆಳಗೆ ಕೊಟ್ಟಿರುವ ಆರು ಅಂಕಿಗಳ ಸಾಲುಗಳನ್ನು ದಪ್ಪ ತಂತಿಯಿಂದ, ಅಂದರೆ ಆರನೆಯ ತಂತಿಯಿಂದ, ತೆಳು ತಂತಿಯ ಕಡೆಗೆ ಓದಿಕೊಳ್ಳಬೇಕು. ಅಂಕಿ ಫ್ರೆಟ್ಟನ್ನು ಸೂಚಿಸುತ್ತದೆ, × ಗುರುತು ಇದ್ದ ತಂತಿಯನ್ನು ಮೀಟಬಾರದು.

ಜಿ7ರ ಒಳಗೆ ಏನಿದೆ

ಜಿ7 ಕಾರ್ಡಿನಲ್ಲಿ ಜಿ, ಬಿ, ಡಿ, ಎಫ್ ಎಂಬ ನಾಲ್ಕು ಸ್ವರಗಳಿವೆ. ಜಿಯನ್ನು ಷಡ್ಜವೆಂದು ಇಟ್ಟುಕೊಂಡರೆ ಇವು ಕ್ರಮವಾಗಿ ಷಡ್ಜ, ಅಂತರ ಗಾಂಧಾರ, ಪಂಚಮ ಮತ್ತು ಕೈಶಿಕಿ ನಿಷಾದ. ಈ ನಾಲ್ಕರಲ್ಲಿ ಕಾರ್ಡಿಗೆ ಅದರ ಸ್ವಭಾವವನ್ನು ಕೊಡುವುದು ಗಾಂಧಾರ ಮತ್ತು ನಿಷಾದ. ಇವೆರಡರ ನಡುವೆ ಆರು ಫ್ರೆಟ್‌ಗಳ ಅಂತರವಿದ್ದು, ಬಿಗುವಿನಿಂದ ಕೂಡಿದ ಆ ಅಂತರವನ್ನು ಟ್ರೈಟೋನ್ ಎನ್ನುತ್ತಾರೆ. ಬಿ ಒಂದು ಫ್ರೆಟ್ ಮೇಲೇರಿ ಸಿಯಾಗಲು, ಎಫ್ ಒಂದು ಫ್ರೆಟ್ ಕೆಳಗಿಳಿದು ಇ ಆಗಲು ಹವಣಿಸುತ್ತವೆ, ಹೀಗಾಗಿಯೇ ಜಿ7 ಆದ ಮೇಲೆ ಸಿ ಕಾರ್ಡ್ ಬಂದಾಗ ಮನೆಗೆ ಬಂದಂತೆ ಅನಿಸುತ್ತದೆ. ಹೀಗೆ ಮನೆಯ ಕಡೆಗೆ ಎಳೆಯುವ ಐದನೆಯ ಕಾರ್ಡನ್ನೇ ಡಾಮಿನೆಂಟ್ ಎನ್ನುತ್ತಾರೆ.

ಇದನ್ನು ಕೈಯಲ್ಲಿ ನೋಡಬೇಕಾದರೆ ಮೊದಲು ಮೂರೇ ಸ್ವರಗಳನ್ನು ಹಿಡಿಯಿರಿ: 3 × 3 4 × ×. ಇದರಲ್ಲಿ ಜಿ, ಎಫ್, ಬಿ ಇವೆ, ಪಂಚಮವಿಲ್ಲ. ಆನಂತರ × 3 2 5 × × ಎಂದು ಹಿಡಿಯಿರಿ. ನಾಲ್ಕನೆಯ ತಂತಿಯಲ್ಲಿ 3 ಹೋಗಿ 2 ಆಯಿತು, ಮೂರನೆಯ ತಂತಿಯಲ್ಲಿ 4 ಹೋಗಿ 5 ಆಯಿತು. ಪಂಚಮವಿಲ್ಲದಿದ್ದರೂ ಕಾರ್ಡ್ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಿತೆಂಬುದನ್ನು ಇಲ್ಲಿ ಗಮನಿಸಬೇಕು. ಯಾವುದೇ ತಂತಿಯ ನಾದದಲ್ಲಿ ಪಂಚಮವು ಮೂರನೆಯ ಸಹಸ್ವರವಾಗಿ ಅಡಗಿಯೇ ಇರುತ್ತದೆ, ಅದನ್ನು ಬೇರೆಯಾಗಿ ಮೀಟಲೇಬೇಕೆಂಬ ಕಟ್ಟುಪಾಡಿಲ್ಲ. ಗಾಂಧಾರ ನಿಷಾದಗಳನ್ನು ಮುಟ್ಟದೆ ಉಳಿದ ಜಾಗವನ್ನು ನಮಗೆ ಬೇಕಾದಂತೆ ಬಣ್ಣಿಸಬಹುದು ಎಂಬ ಸ್ವಾತಂತ್ರ್ಯ ಇಲ್ಲಿಂದಲೇ ಹುಟ್ಟುತ್ತದೆ.

ಬದಲಾಗುವ ನಾಲ್ಕು ಸ್ವರಗಳು

ಬದಲಾಯಿಸಬಹುದಾದ ಜಾಗಗಳು ಎರಡೇ: ಐದನೆಯ ಸ್ವರ (ಪಂಚಮ) ಮತ್ತು ಒಂಬತ್ತನೆಯ ಸ್ವರ (ಮೇಲಿನ ಸ್ಥಾಯಿಯ ರಿಷಭ). ಒಂದೊಂದನ್ನೂ ಅರ್ಧ ಸ್ವರ, ಅಂದರೆ ಒಂದು ಫ್ರೆಟ್, ಇಳಿಸಬಹುದು (ಫ್ಲಾಟ್) ಅಥವಾ ಏರಿಸಬಹುದು (ಶಾರ್ಪ್). ಹಾಗೆ ಒಟ್ಟು ನಾಲ್ಕು ಸ್ವರಗಳು ಸಿಗುತ್ತವೆ. ಜಿಯನ್ನೇ ಷಡ್ಜವಾಗಿ ಇಟ್ಟುಕೊಂಡರೆ ಫ್ಲಾಟ್ 9 ಎಂಬುದು ಶುದ್ಧ ರಿಷಭ, ಅಂದರೆ ಎ ಫ್ಲಾಟ್. ಶಾರ್ಪ್ 9 ಎಂಬುದು ಸಾಧಾರಣ ಗಾಂಧಾರದ ಸ್ಥಾನ, ಅಂದರೆ ಬಿ ಫ್ಲಾಟ್. ಫ್ಲಾಟ್ 5 ಎಂಬುದು ಪ್ರತಿ ಮಧ್ಯಮ, ಅಂದರೆ ಡಿ ಫ್ಲಾಟ್. ಶಾರ್ಪ್ 5 ಎಂಬುದು ಶುದ್ಧ ಧೈವತ, ಅಂದರೆ ಇ ಫ್ಲಾಟ್. ಕೆಲವು ಹಾಳೆಗಳಲ್ಲಿ ಫ್ಲಾಟ್ 5ರ ಬದಲು ಶಾರ್ಪ್ 11 ಎಂದೂ, ಶಾರ್ಪ್ 5ರ ಬದಲು ಫ್ಲಾಟ್ 13 ಎಂದೂ ಬರೆದಿರುತ್ತಾರೆ. ಪಂಚಮವೂ ಜೊತೆಗಿರುವಾಗ ಆ ಹೆಸರುಗಳು ಸರಿಯಾಗಿ ಹೊಂದುತ್ತವೆ, ಆದರೆ ಗಿಟಾರಿನಲ್ಲಿ ನಾವು ಹೆಚ್ಚಾಗಿ ಪಂಚಮವನ್ನು ಬಿಟ್ಟೇ ಹಿಡಿಯುವುದರಿಂದ ಬೆರಳುಗಳ ಮಟ್ಟಿಗೆ ವ್ಯತ್ಯಾಸವಾಗುವುದಿಲ್ಲ. ಹಾಳೆಯಲ್ಲಿ ಬರೀ ‘ಆಲ್ಟ್’ ಎಂದಿದ್ದರೆ ಐದನೆಯದನ್ನೂ ಒಂಬತ್ತನೆಯದನ್ನೂ ಬದಲಾಯಿಸಬೇಕು, ಯಾವ ದಿಕ್ಕಿಗೆ ಎಂಬುದು ನುಡಿಸುವವರ ಆಯ್ಕೆ ಎಂದು ಅರ್ಥ.

ಈ ನಾಲ್ಕು ಸ್ವರಗಳನ್ನು ಗಿಟಾರ್ ಮುಟ್ಟುವ ಮುನ್ನ ಹಾಡಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇದ್ದೇ ಇರುತ್ತದೆ. ಅದನ್ನು ಜಿಗೆ ಹೊಂದಿಸಿ, ಪಂಚಮವನ್ನು ನಿಲ್ಲಿಸಿ ಷಡ್ಜ ಮಾತ್ರ ಕೇಳುವಂತೆ ಮಾಡಿಕೊಳ್ಳಿ. ಪಂಚಮ ನುಡಿಯುತ್ತಿದ್ದರೆ ಪ್ರತಿ ಮಧ್ಯಮವೂ ಶುದ್ಧ ಧೈವತವೂ ಅದಕ್ಕೆ ಉಜ್ಜಿಕೊಂಡು ತಮ್ಮ ನಿಜವಾದ ಬಣ್ಣವನ್ನು ತೋರಿಸುವುದಿಲ್ಲ. ಮೊದಲು ಅಂತರ ಗಾಂಧಾರವನ್ನೂ ಕೈಶಿಕಿ ನಿಷಾದವನ್ನೂ ಹಾಡಿ ಗಟ್ಟಿ ಮಾಡಿಕೊಂಡು, ಆಮೇಲೆ ನಾಲ್ಕು ಬದಲಾದ ಸ್ವರಗಳನ್ನು ಒಂದೊಂದಾಗಿ ಗಮಕವಿಲ್ಲದೆ ನಿಲ್ಲಿಸಿ ಹಾಡಿ. ಸಂಗೀತ ಕಲಿತವರಿಗೆ ಇವುಗಳಲ್ಲಿ ಯಾವುದೂ ಹೊಸತಲ್ಲ. ಎರಡು ಗಾಂಧಾರಗಳು ಒಂದೇ ಉಸಿರಿನಲ್ಲಿ ಇರುವುದು ಮಾತ್ರ ಹೊಸತು, ಆ ತಿಕ್ಕಾಟವೇ ಶಾರ್ಪ್ 9 ಕಾರ್ಡಿನ ಖಾರ. ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ 1967ರಲ್ಲಿ ಇ7 ಶಾರ್ಪ್ 9ನ್ನು ರಾಕ್ ಸಂಗೀತದಲ್ಲಿ ಎಷ್ಟು ಪ್ರಸಿದ್ಧಗೊಳಿಸಿದರೆಂದರೆ ಗಿಟಾರ್ ವಾದಕರು ಇಂದಿಗೂ ಅದನ್ನು ಹೆಂಡ್ರಿಕ್ಸ್ ಕಾರ್ಡ್ ಎಂದೇ ಕರೆಯುತ್ತಾರೆ. ಅವರ ನುಡಿಸಾಣಿಕೆಯಲ್ಲಿ ಆ ಕಾರ್ಡೇ ಮನೆಯಾಗಿ ನಿಲ್ಲುತ್ತದೆ, ನಾವು ಇಲ್ಲಿ ನೋಡುತ್ತಿರುವುದು ಮನೆಗೆ ಹೋಗುವ ದಾರಿಯಲ್ಲಿರುವ ಕಾರ್ಡ್.

ಮೂರು ಕಾರ್ಡ್‌ಗಳ ಒಂದು ಸರಣಿ

ಈಗ ಈ ಲೇಖನದ ಮುಖ್ಯ ಅಭ್ಯಾಸಕ್ಕೆ ಬರೋಣ. ಸಿ ಮೇಜರ್ ಶ್ರುತಿಯಲ್ಲಿ ಎರಡನೆಯ, ಐದನೆಯ, ಒಂದನೆಯ (ಅಂದರೆ ಸಿಯಿಂದ ಎಣಿಸಿದಾಗ ಡಿ, ಜಿ, ಸಿ ಸ್ವರಗಳ ಮೇಲೆ ನಿಲ್ಲುವ) ಕಾರ್ಡ್‌ಗಳ ಸರಣಿಯನ್ನು ಹೀಗೆ ಹಿಡಿಯಿರಿ.

ಡಿ ಮೈನರ್ 9: × 5 3 5 5 5
ಜಿ7 ಶಾರ್ಪ್ 5 ಫ್ಲಾಟ್ 9: 3 × 3 4 4 4
ಸಿ ಮೇಜರ್ 9: × 3 2 4 3 3

ಮೊದಲ ಕಾರ್ಡಿನಲ್ಲಿ ನಡುಬೆರಳು ಐದನೆಯ ತಂತಿಯ 5ರಲ್ಲಿ, ತೋರುಬೆರಳು ನಾಲ್ಕನೆಯ ತಂತಿಯ 3ರಲ್ಲಿ ಇರಲಿ, ಉಂಗುರಬೆರಳು ಉಳಿದ ಮೂರು ತಂತಿಗಳ ಮೇಲೆ 5ನೆಯ ಫ್ರೆಟ್‌ನಲ್ಲಿ ಅಡ್ಡಲಾಗಿ ಮಲಗಲಿ. ಎರಡನೆಯ ಕಾರ್ಡಿಗೆ ಹೋಗುವಾಗ ತೋರುಬೆರಳನ್ನು ಎತ್ತಲೇಬಾರದು, ಏಕೆಂದರೆ ಎಫ್ ಸ್ವರ ಎರಡೂ ಕಾರ್ಡ್‌ಗಳಿಗೆ ಸೇರಿದ್ದು. ಉಂಗುರಬೆರಳು ಅಡ್ಡಲಾಗಿಯೇ ಒಂದು ಫ್ರೆಟ್ ಹಿಂದೆ ಸರಿಯುತ್ತದೆ, ನಡುಬೆರಳು ಆರನೆಯ ತಂತಿಯ 3ಕ್ಕೆ ಹೋಗುತ್ತದೆ. ಆ ನಡುಬೆರಳಿನ ತುದಿ ಐದನೆಯ ತಂತಿಯನ್ನು ಮೆಲ್ಲನೆ ಸೋಕುವಂತಿದ್ದರೆ ಅದು ತಾನಾಗಿ ಮೌನವಾಗುತ್ತದೆ. ಮೂರನೆಯ ಕಾರ್ಡಿನಲ್ಲಿ ನಡುಬೆರಳು ಐದನೆಯ ತಂತಿಯ 3ಕ್ಕೆ, ತೋರುಬೆರಳು ನಾಲ್ಕನೆಯ ತಂತಿಯ 2ಕ್ಕೆ ಬರುತ್ತವೆ. ಉಂಗುರಬೆರಳು ಮೊದಲ ಎರಡು ತಂತಿಗಳ 3ನ್ನು ಒತ್ತಿದರೆ ಕಿರುಬೆರಳು ಮೂರನೆಯ ತಂತಿಯ 4ರಲ್ಲಿ ಕೂರುತ್ತದೆ.

ಕೈ ಒಗ್ಗಿದ ಮೇಲೆ ಒಂದೊಂದು ತಂತಿಯನ್ನೇ ಬೇರೆಬೇರೆಯಾಗಿ ಕೇಳಿ. ಮೊದಲನೆಯ ತಂತಿಯಲ್ಲಿ 5, 4, 3: ಎ, ಎ ಫ್ಲಾಟ್, ಜಿ. ಎರಡನೆಯ ತಂತಿಯಲ್ಲಿಯೂ 5, 4, 3: ಇ, ಇ ಫ್ಲಾಟ್, ಡಿ. ಮೂರನೆಯದರಲ್ಲಿ 5, 4, 4: ಸಿ, ಬಿ, ಬಿ. ನಾಲ್ಕನೆಯದರಲ್ಲಿ 3, 3, 2: ಎಫ್, ಎಫ್, ಇ. ಈ ನಾಲ್ಕರಲ್ಲಿ ಯಾವ ತಂತಿಯೂ ಎಲ್ಲಿಯೂ ಒಂದು ಫ್ರೆಟ್‌ಗಿಂತ ಹೆಚ್ಚು ಚಲಿಸಲಿಲ್ಲ. ಕರ್ಕಶವೆನಿಸಿದ್ದ ಆ ಎರಡು ಸ್ವರಗಳು, ಎ ಫ್ಲಾಟ್ ಮತ್ತು ಇ ಫ್ಲಾಟ್, ಇಳಿಯುವ ಸಾಲಿನ ನಡುವಿನ ಮೆಟ್ಟಿಲುಗಳೆಂದು ಈಗ ಕಿವಿಗೇ ತಿಳಿಯುತ್ತದೆ. ಹೋಲಿಕೆಗಾಗಿ ನಡುವಿನ ಕಾರ್ಡನ್ನು ಸಾದಾ ಜಿ7 ಆಗಿ, 3 × 3 4 3 × ಎಂದು ಹಿಡಿದು ಅದೇ ಸರಣಿಯನ್ನು ನುಡಿಸಿ ನೋಡಿ. ಅದೂ ಸುಖವಾಗಿಯೇ ಮನೆ ಸೇರುತ್ತದೆ, ಆದರೆ ಎರಡನೆಯ ತಂತಿ ಸಿ ಕಾರ್ಡಿಗೆ ಬರುವ ಮೊದಲೇ ಡಿಗೆ ಇಳಿದು ಸುಮ್ಮನಾಗಿಬಿಟ್ಟಿರುತ್ತದೆ.

ಮೆಟ್ರೊನೋಮನ್ನು ನಿಮಿಷಕ್ಕೆ 60ರಲ್ಲಿ ಇಟ್ಟು, ಮೊದಲ ಎರಡು ಕಾರ್ಡ್‌ಗಳಿಗೆ ನಾಲ್ಕು ನಾಲ್ಕು ಎಣಿಕೆ, ಕೊನೆಯದಕ್ಕೆ ಎಂಟು ಎಣಿಕೆಯಂತೆ ನುಡಿಸಿ. ಕೈ ಕಾರ್ಡ್ ಹಿಡಿಯುತ್ತಿರುವಾಗ ಬಾಯಿ ಎರಡನೆಯ ತಂತಿಯ ಇಳಿಕೆಯನ್ನು ಹಾಡುತ್ತಿರಲಿ. ಮರುದಿನ ಮೊದಲನೆಯ ತಂತಿಯದು, ಅದರ ಮರುದಿನ ಮೂರನೆಯದು. ರಾತ್ರಿ ಹೊತ್ತು ಅಪಾರ್ಟ್‌ಮೆಂಟಿನಲ್ಲಿ ಪಿಕ್ ಬಿಟ್ಟು ಬೆರಳಿನಿಂದಲೇ ಮೆಲ್ಲನೆ ಮೀಟಿದರೆ ನೆರೆಯವರಿಗೂ ತೊಂದರೆಯಿಲ್ಲ, ಒಳಗಿನ ಸ್ವರಗಳೂ ಹೆಚ್ಚು ಸ್ಪಷ್ಟವಾಗಿ ಕೇಳುತ್ತವೆ. ಸಿಯಲ್ಲಿ ಸಲೀಸಾದ ಮೇಲೆ ಇಡೀ ಸರಣಿಯನ್ನು ಐದು ಫ್ರೆಟ್ ಮೇಲಕ್ಕೆ ಒಯ್ದರೆ ಎಫ್ ಶ್ರುತಿಯಲ್ಲಿ ಜಿ ಮೈನರ್ 9, ಸಿ7 ಆಲ್ಟ್, ಎಫ್ ಮೇಜರ್ 9 ಸಿಗುತ್ತವೆ.

ಒಂದು ಬೆರಳು ಕದಲಿದರೆ

3 × 3 4 4 4 ಹಿಡಿದಿರುವಾಗಲೇ ಬೇರೆಲ್ಲ ಬೆರಳುಗಳನ್ನು ಹಾಗೆಯೇ ಬಿಟ್ಟು ನಡುಬೆರಳನ್ನು ಮಾತ್ರ ಆರನೆಯ ತಂತಿಯಿಂದ ತೆಗೆದು ಐದನೆಯ ತಂತಿಯ 4ಕ್ಕೆ ಇಡಿ. ಈಗ ಕೈಯಲ್ಲಿರುವುದು × 4 3 4 4 4, ಅಂದರೆ ಡಿ ಫ್ಲಾಟ್ 9 (ಡಿ ಫ್ಲಾಟ್ ಸ್ವರದ ಮೇಲೆ ನಿಂತ 9 ಕಾರ್ಡ್, ಡಿಯ ಫ್ಲಾಟ್ 9 ಅಲ್ಲ). ಮೇಲಿನ ನಾಲ್ಕು ಸ್ವರಗಳು ಅವೇ, ಬಾಸ್, ಅಂದರೆ ಕಾರ್ಡಿನ ಅತಿ ಕೆಳಗಿನ ಸ್ವರ, ಮಾತ್ರ ಜಿ ಬಿಟ್ಟು ಡಿ ಫ್ಲಾಟ್ ಆಯಿತು. ಜಾಝ್ ವಾದಕರು ಟ್ರೈಟೋನ್ ಸಬ್‌ಸ್ಟಿಟ್ಯೂಷನ್ ಎಂದು ಕರೆಯುವ ವಿಷಯ ಇಷ್ಟೇ: ಜಿ7ರ ಗಾಂಧಾರ ನಿಷಾದಗಳಾದ ಬಿ ಮತ್ತು ಎಫ್, ಡಿ ಫ್ಲಾಟ್ 7ರಲ್ಲಿ ತಮ್ಮ ಪಾತ್ರಗಳನ್ನು ಅದಲುಬದಲು ಮಾಡಿಕೊಂಡು ನಿಷಾದ ಗಾಂಧಾರಗಳಾಗುತ್ತವೆ. ಡಿ ಮೈನರ್ 9, ಡಿ ಫ್ಲಾಟ್ 9, ಸಿ ಮೇಜರ್ 9 ಎಂದು ನುಡಿಸಿದರೆ ಬಾಸ್ ಕೂಡ ಐದನೆಯ ತಂತಿಯಲ್ಲಿ 5, 4, 3 ಎಂದು ಇಳಿಯುತ್ತದೆ. ಜೊತೆಯಲ್ಲಿ ಬಾಸ್ ಗಿಟಾರ್ ಇದ್ದರೆ ಅವರು ಜಿ ನುಡಿಸಿದರೂ ಡಿ ಫ್ಲಾಟ್ ನುಡಿಸಿದರೂ ನಿಮ್ಮ ಮೇಲಿನ ನಾಲ್ಕು ತಂತಿಗಳು ಸರಿಯಾಗಿಯೇ ಇರುತ್ತವೆ. ಈ ಒಂದು ಬೆರಳಿನ ಬದಲಾವಣೆಯನ್ನು ಅರ್ಥ ಮಾಡಿಕೊಂಡವರಿಗೆ ಆಲ್ಟರ್ಡ್ ಕಾರ್ಡಿನ ಸಿದ್ಧಾಂತದ ಹೆಚ್ಚಿನ ಪಾಲು ಕೈಗೆ ಬಂದಂತೆಯೇ ಸರಿ.

ಬಾಸ್ ಐದನೆಯ ತಂತಿಯಲ್ಲಿದ್ದಾಗ ಬೇಕಾಗುವ ಆಕಾರಗಳನ್ನು ಸಿ7ರಲ್ಲಿ ಬೇಗನೆ ನೋಡಿಬಿಡಬಹುದು. ಸಿ7 ಶಾರ್ಪ್ 9 ಎಂದರೆ × 3 2 3 4 ×, ಸಿ7 ಫ್ಲಾಟ್ 9 ಎಂದರೆ × 3 2 3 2 ×, ಇವು ಸೇರುವ ಎಫ್ ಮೇಜರ್ 7 ಎಂದರೆ 1 × 2 2 1 ×. ಮೂರನ್ನೂ ಒಂದರ ಹಿಂದೆ ಒಂದು ನುಡಿಸಿದರೆ ಎರಡನೆಯ ತಂತಿ 4, 2, 1 ಎಂದು ಇಳಿದು ಎಫ್ ಕಾರ್ಡಿನ ಪಂಚಮವಾದ ಸಿಯಲ್ಲಿ ನಿಲ್ಲುತ್ತದೆ.

ಮೈನರ್ ಶ್ರುತಿಯಲ್ಲಿ

ಈ ಬಣ್ಣಗಳು ಜಾಝ್‌ನವರ ಆವಿಷ್ಕಾರವಲ್ಲ. ಐರೋಪ್ಯ ಶಾಸ್ತ್ರೀಯ ಸಂಗೀತದ ಮೈನರ್ ಶ್ರುತಿಗಳಲ್ಲಿ ಫ್ಲಾಟ್ 9 ಬಹು ಹಿಂದಿನಿಂದಲೂ ಇದೆ, ಅಲ್ಲಿ ಫ್ರೆಂಚ್ ಸಿಕ್ಸ್ತ್ ಎಂದು ಹೆಸರಾದ ಕಾರ್ಡಿನ ಸ್ವರಗಳೂ ಫ್ಲಾಟ್ 5 ಇರುವ ಡಾಮಿನೆಂಟ್ ಕಾರ್ಡಿನ ಸ್ವರಗಳೂ ಒಂದೇ. ಕಾರಣ ಸರಳವಾದುದು. ಸಿ ಮೈನರ್‌ನಲ್ಲಿ ಎ ಫ್ಲಾಟ್, ಬಿ ಫ್ಲಾಟ್, ಇ ಫ್ಲಾಟ್‌ಗಳು ಆ ಶ್ರುತಿಯ ಸ್ವಂತ ಸ್ವರಗಳು, ಆದ್ದರಿಂದ ಜಿ7ರ ಮೇಲೆ ಅವು ಹೊರಗಿನಿಂದ ಬಂದಂತೆ ಕೇಳುವುದಿಲ್ಲ. ಡಿ ಫ್ಲಾಟ್ ಒಂದೇ ಹೊರಗಿನದು. ಡಿ ಮೈನರ್ 7 ಫ್ಲಾಟ್ 5ನ್ನು × 5 6 5 6 × ಎಂದೂ, ಜಿ7 ಆಲ್ಟನ್ನು 3 × 3 4 4 4 ಎಂದೂ, ಸಿ ಮೈನರ್ 9ನ್ನು × 3 1 3 3 3 ಎಂದೂ ಹಿಡಿದು ನುಡಿಸಿ. ಕಿವಿಗೆ ಇನ್ನೂ ಒಗ್ಗದಿರುವವರು ಮೇಜರ್‌ಗಿಂತ ಮೊದಲು ಮೈನರ್ ಸರಣಿಯಿಂದಲೇ ಆರಂಭಿಸುವುದು ಒಳ್ಳೆಯದೆಂದು ನನಗನ್ನಿಸುತ್ತದೆ. ಮೇಜರ್‌ನಲ್ಲಿ ಆಲ್ಟರ್ಡ್ ಕಾರ್ಡ್ ನುಡಿಸಿದಾಗ ಮೈನರ್ ಮನೆ ಬರಲಿದೆ ಎಂದು ಕಿವಿ ನಿರೀಕ್ಷಿಸುತ್ತದೆ, ಬರುವುದು ಮೇಜರ್ ಮನೆ. ಆ ಬೆಳಕನ್ನು ಅನುಭವಿಸಬೇಕಾದರೆ ಮೈನರ್‌ನ ನೆನಪು ಕಿವಿಯಲ್ಲಿ ಇರಬೇಕು.

ಸ್ವರಶ್ರೇಣಿ: ಗೌರೀಮನೋಹರಿಯ ದಾರಿ

ಜಿ7 ಆಲ್ಟ್ ಮೇಲೆ ಏಕಸ್ವರದ ನಡೆಗಳನ್ನು ನುಡಿಸಲು ಬೇಕಾದ ಶ್ರೇಣಿಯಲ್ಲಿ ಷಡ್ಜ, ಶುದ್ಧ ರಿಷಭ, ಸಾಧಾರಣ ಗಾಂಧಾರ, ಅಂತರ ಗಾಂಧಾರ, ಪ್ರತಿ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದದ ಸ್ಥಾನಗಳಿವೆ. ಎರಡು ಗಾಂಧಾರಗಳಿದ್ದು ಪಂಚಮವೇ ಇಲ್ಲದ್ದರಿಂದ ಇದು 72 ಮೇಳಗಳಲ್ಲಿ ಯಾವುದೂ ಅಲ್ಲ. ಆದರೆ ಗ್ರಹಭೇದ ತಿಳಿದವರಿಗೆ ಇದರ ಮೂಲ ತಟ್ಟನೆ ಸಿಗುತ್ತದೆ. 23ನೆಯ ಮೇಳ ಗೌರೀಮನೋಹರಿಯ ಕಾಕಲಿ ನಿಷಾದವನ್ನು ಷಡ್ಜವಾಗಿ ಮಾಡಿಕೊಂಡರೆ ಬರುವುದು ಇದೇ ಶ್ರೇಣಿ. ಪಾಶ್ಚಾತ್ಯರು ಇದನ್ನೇ ಮೆಲೊಡಿಕ್ ಮೈನರ್‌ನ ಏಳನೆಯ ಮೋಡ್ ಎನ್ನುತ್ತಾರೆ. ಬಳಕೆಗೆ ಸೂತ್ರವಿಷ್ಟು: ಡಾಮಿನೆಂಟ್ ಕಾರ್ಡಿನ ಬಾಸ್ ಸ್ವರಕ್ಕಿಂತ ಒಂದು ಫ್ರೆಟ್ ಮೇಲೆ ಷಡ್ಜವಿಟ್ಟು ಗೌರೀಮನೋಹರಿಯ ಸ್ವರಗಳನ್ನು ನುಡಿಸಿ. ಜಿ7 ಆಲ್ಟ್‌ಗೆ ಎ ಫ್ಲಾಟ್ ಷಡ್ಜ. ಅದೇ ಸ್ವರಗಳನ್ನು ಡಿ ಫ್ಲಾಟ್‌ನಿಂದ ಎಣಿಸಿದರೆ 64ನೆಯ ಮೇಳ ವಾಚಸ್ಪತಿ ಬರುತ್ತದೆ, ಹಿಂದೆ ಒಂದು ಬೆರಳು ಕದಲಿಸಿ ಪಡೆದ ಡಿ ಫ್ಲಾಟ್ 9ಕ್ಕೆ ಅದೇ ಹೊಂದುವ ಶ್ರೇಣಿ. ರಾಗವಾಗಿ ಗೌರೀಮನೋಹರಿಗೂ ವಾಚಸ್ಪತಿಗೂ ಇರುವ ಸಂಚಾರ, ಗಮಕ, ಭಾವಗಳನ್ನು ಇಲ್ಲಿ ತರುವ ಪ್ರಶ್ನೆಯಿಲ್ಲ. ಸ್ವರಸ್ಥಾನಗಳನ್ನು ನೆನಪಿನಲ್ಲಿಡಲು ಮಾತ್ರ ಈ ಹೆಸರುಗಳ ನೆರವು ಪಡೆಯುತ್ತಿದ್ದೇವೆ.

ಕೈಯಲ್ಲಿ ಇದು ಒಂದೇ ಕಡೆ ಸಿಗುತ್ತದೆ: ಆರನೆಯ ತಂತಿಯಲ್ಲಿ 3, 4, 6, ಐದನೆಯದರಲ್ಲಿ 2, 4, 6, ನಾಲ್ಕನೆಯದರಲ್ಲಿ 3, 5, 6, ಮೂರನೆಯದರಲ್ಲಿ 3, 4, 6, ಎರಡನೆಯದರಲ್ಲಿ 4, 6, ಮೊದಲನೆಯದರಲ್ಲಿ 3, 4, 6. ಶ್ರೇಣಿಯನ್ನು ಮೇಲೆ ಕೆಳಗೆ ಓಡಿಸುವುದಕ್ಕಿಂತ ಮನೆ ಸೇರುವ ಪುಟ್ಟ ನಡೆಗಳನ್ನು ಕಟ್ಟುವುದು ಹೆಚ್ಚು ಫಲ ಕೊಡುತ್ತದೆ. ಎರಡನೆಯ ತಂತಿಯಲ್ಲಿ 4, 6, ಮೊದಲನೆಯ ತಂತಿಯಲ್ಲಿ 4, 6, 4 ಎಂದು ಜಿ7 ಆಲ್ಟ್ ಮೇಲೆ ನುಡಿಸಿ, ಸಿ ಕಾರ್ಡ್ ಬಂದ ಕ್ಷಣ ಸರಿಯಾಗಿ ಮೊದಲನೆಯ ತಂತಿಯ 3ರಲ್ಲಿ ನಿಲ್ಲಿ. ಎ ಫ್ಲಾಟ್‌ನಿಂದ ಜಿಗೆ ಇಳಿಯುವ ಆ ಕೊನೆಯ ಅರ್ಧ ಸ್ವರವೇ ನಡೆಯ ಜೀವ.

ಮೈನರ್ ಮನೆಗೆ ಹೋಗುವಾಗ 14ನೆಯ ಮೇಳ ವಕುಳಾಭರಣವನ್ನು ಜಿಯಿಂದಲೇ ನುಡಿಸುವ ಇನ್ನೊಂದು ದಾರಿಯಿದೆ. ಅದು ಸಿಯ ಕೀರವಾಣಿಯನ್ನು ಪಂಚಮದಿಂದ ಎಣಿಸಿದ್ದು. ಅದರಲ್ಲಿ ಪಂಚಮವೂ ಶುದ್ಧ ಮಧ್ಯಮವೂ ಉಳಿಯುವುದರಿಂದ ಬಣ್ಣ ಸೌಮ್ಯವಾಗಿರುತ್ತದೆ.

ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು

ಐದನೆಯ ಕಾರ್ಡ್ ತನ್ನ ಮನೆಗೆ ಇಳಿಯುವ ಜಾಗದಲ್ಲಿ ಮಾತ್ರ ಮೊದಲು ಬಳಸಿ. ಬ್ಲೂಸ್‌ನಲ್ಲಿ ಒಂದನೆಯ ಮತ್ತು ನಾಲ್ಕನೆಯ ಕಾರ್ಡ್‌ಗಳೂ 7 ಆಗಿರುತ್ತವೆ, ಆದರೆ ಅವು ಅಲ್ಲಿಯೇ ನೆಲೆಸುವ ಕಾರ್ಡ್‌ಗಳಾದ್ದರಿಂದ ಹೊತ್ತಿಗೆ ಮುಂಚೆ ಬದಲಾಯಿಸಬಾರದು. ಒಂದನೆಯದು ನಾಲ್ಕನೆಯದಕ್ಕೆ ಹೋಗುವ ಮುನ್ನ, ಅಂದರೆ ತಾಳದ ನಾಲ್ಕನೆಯ ಸುತ್ತಾದ ನಾಲ್ಕನೆಯ ಬಾರ್‌ನಲ್ಲಿ, ಬದಲಾಯಿಸಿದರೆ ಸೊಗಸು. ಭಾವಗೀತೆಗೋ ಚಿತ್ರಗೀತೆಗೋ ಜೊತೆ ನುಡಿಸುವಾಗ ಚರಣದ ನಡುವೆ ಇದನ್ನು ತುರುಕಿದರೆ ರಾಗದ ಛಾಯೆ ಕೆಡುತ್ತದೆ. ಹಿನ್ನೆಲೆ ಸಂಗೀತ ಮುಗಿದು ಪಲ್ಲವಿಗೆ ಹಿಂದಿರುಗುವ ತಿರುವಿನಲ್ಲಿ, ಹಾಡುವವರು ಮೌನವಾಗಿರುವಾಗ, ಎರಡೇ ಎಣಿಕೆಯಷ್ಟು ಹೊತ್ತು ನುಡಿಸಿದರೆ ಹಾಡಿಗೆ ಒಪ್ಪುತ್ತದೆ.

ಹಾಡು ನಡೆಯುತ್ತಿರುವಾಗಲೇ ಬಳಸುವುದಾದರೆ ಆ ಕಾರ್ಡಿನ ಮೇಲೆ ಹಾಡುವವರು ಯಾವ ಸ್ವರದಲ್ಲಿ ನಿಲ್ಲುತ್ತಾರೆಂದು ಮೊದಲೇ ಕೇಳಿಸಿಕೊಳ್ಳಿ. ಜಿ7ರ ಮೇಲೆ ಅವರು ಎಯಲ್ಲಿ ನಿಂತರೆ ಫ್ಲಾಟ್ 9 ಬೇಡ. 3 × 3 4 4 × ಎಂದು ಶಾರ್ಪ್ 5 ಮಾತ್ರ ನುಡಿಸಿ. ಇಯಲ್ಲಿ ನಿಂತರೆ ಶಾರ್ಪ್ 5 ಅದಕ್ಕೆ ತಾಗುತ್ತದೆ. 3 × 3 4 5 4 ಹಿಡಿದರೆ ಅವರ ಸ್ವರವೂ ಉಳಿಯುತ್ತದೆ, ಫ್ಲಾಟ್ 9ರ ಬಣ್ಣವೂ ಸಿಗುತ್ತದೆ. ಡಿಯಲ್ಲಿ ನಿಂತರೆ ಐದನೆಯದನ್ನು ಮುಟ್ಟದೆ 3 × 3 4 3 4 ಹಿಡಿಯಿರಿ.